ಪಾಠ ಹಂಚಿದರು, ಜಗಳ ತಗ್ಗಿತು

ಶಾಲೆಯಲ್ಲಿ ಮಕ್ಕಳು ಜಗಳ ಆಡಿದರೆ ನಮಗೆ ಗೊತ್ತಿರುವ ಮದ್ದು ಎರಡೇ: ಬೈಯುವುದು, ಇಲ್ಲವೇ ಅಪ್ಪ ಅಮ್ಮನನ್ನು ಕರೆಸುವುದು. ವರದಿಗೆಂದು ಶಾಲೆಗಳಿಗೆ ಹೋದಾಗ ನಾವು ಹೆಚ್ಚಾಗಿ ಕಂಡಿದ್ದೂ ಇದನ್ನೇ. ಆದರೆ ಐವತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಒಬ್ಬ ಮೇಷ್ಟ್ರು ಬೇರೆಯದೇ ಪ್ರಶ್ನೆ ಕೇಳಿದರು. ಜಗಳದ ಬೇರು ನಾವು ಪಾಠ ಮಾಡುವ ರೀತಿಯಲ್ಲೇ ಇದ್ದರೆ?

ಕರಿಯ ಮತ್ತು ಬಿಳಿಯ ಮಕ್ಕಳಿಗೆ ಬೇರೆ ಬೇರೆ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಅದು ನಿಜವಾಗಿ ಜಾರಿಗೆ ಬರುವ ಹೊತ್ತಿಗೆ 1971 ಆಗಿತ್ತು. ಬಿಳಿಯ, ಕರಿಯ, ಮೆಕ್ಸಿಕೋ ಮೂಲದ ಮಕ್ಕಳು ಮೊದಲ ಸಲ ಒಂದೇ ಕೋಣೆಯಲ್ಲಿ ಕೂತರು. ಕೆಲವೇ ವಾರಗಳಲ್ಲಿ ಆಟದ ಬಯಲಲ್ಲಿ ಹೊಡೆದಾಟ ಶುರುವಾಯಿತು.

ಶಾಲಾ ಆಡಳಿತ ಟೆಕ್ಸಾಸ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ಅವರನ್ನು ಕರೆಸಿತು. ಮೊದಲು ಹೊಡೆದವರು ಯಾರು ಎಂದು ಅವರ ತಂಡ ವಿಚಾರಿಸಲಿಲ್ಲ. ತರಗತಿಗಳಲ್ಲಿ ಕೂತು ಸುಮ್ಮನೆ ನೋಡಿತು.

ಕಂಡದ್ದು ನಮಗೂ ಗೊತ್ತಿರುವ ದೃಶ್ಯ. ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ, ನಾಲ್ಕಾರು ಮಕ್ಕಳು 'ನಾನು ನಾನು' ಎಂದು ಕೈ ಎತ್ತುತ್ತಾರೆ. ಒಬ್ಬ ತಪ್ಪು ಹೇಳಿದರೆ ಉಳಿದವರಿಗೆ ಖುಷಿ. ಹಿಂದುಳಿದ ಶಾಲೆಯಿಂದ ಬಂದ ಮಕ್ಕಳು ತಲೆ ತಗ್ಗಿಸಿ ಕೂರುತ್ತಾರೆ. ಒಬ್ಬ ಸೋತರೆ ಮಾತ್ರ ಇನ್ನೊಬ್ಬ ಗೆಲ್ಲುವ ತರಗತಿ ಅದು.

ಅರಾನ್ಸನ್ ತಂಡ ಬುದ್ಧಿಮಾತು ಹೇಳಲು ಹೋಗದೆ ಪಾಠವನ್ನೇ ತುಂಡು ಮಾಡಿತು. ಐದಾರು ಮಕ್ಕಳ ಗುಂಪು, ಅದರಲ್ಲಿ ಎಲ್ಲ ಬಣ್ಣದವರೂ ಇರಬೇಕು. ಒಬ್ಬೊಬ್ಬರಿಗೂ ಪಾಠದ ಒಂದೊಂದೇ ತುಂಡು. ಒಂದೇ ತುಂಡು ಸಿಕ್ಕವರು ಬೇರೆ ಗುಂಪುಗಳಿಂದ ಬಂದು ಮೊದಲು ಒಟ್ಟಿಗೆ ಕೂತು ಕಲಿಯುತ್ತಾರೆ. ಆಮೇಲೆ ತಮ್ಮ ತಮ್ಮ ಗುಂಪಿಗೆ ಮರಳಿ ಉಳಿದವರಿಗೆ ಕಲಿಸುತ್ತಾರೆ. ಪರೀಕ್ಷೆ ಮಾತ್ರ ಪೂರ್ತಿ ಪಾಠದ್ದು. ಚಿತ್ರದ ತುಂಡುಗಳನ್ನು ಜೋಡಿಸುವ ಆಟದ ಹೆಸರೇ ಇದಕ್ಕೂ ಬಂತು: ಜಿಗ್ಸಾ ತರಗತಿ.

ಒಂದು ಪಾಠ ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ ಜೀವನದ್ದು. ಅದರ ಒಂದು ತುಂಡು ಸಿಕ್ಕಿದ್ದು, ಅರಾನ್ಸನ್ ತಮ್ಮ ಬರಹದಲ್ಲಿ ಕಾರ್ಲೋಸ್ ಎಂದು ಕರೆದ ಹುಡುಗನಿಗೆ. ಅವನ ಮನೆಮಾತು ಸ್ಪ್ಯಾನಿಷ್. ಇಂಗ್ಲಿಷಿನಲ್ಲಿ ಹೇಳಲು ತಡವರಿಸಿದಾಗ ಉಳಿದವರು ಅಣಕಿಸಿದರು. ಗದರಿಸುವ ಬದಲು ತಂಡದವರೊಬ್ಬರು ನೆನಪಿಸಿದ್ದು ಇಷ್ಟೇ: ಪರೀಕ್ಷೆ ಹತ್ತಿರದಲ್ಲಿದೆ, ಪುಲಿಟ್ಜರ್ ಬದುಕಿನ ಆ ಭಾಗ ನಿಮ್ಮಲ್ಲಿ ಅವನೊಬ್ಬನಿಗೇ ಗೊತ್ತು. ಕೆಲ ದಿನಗಳಲ್ಲಿ ಮಕ್ಕಳು ಅಣಕ ಬಿಟ್ಟು ಅವನನ್ನು ಸರಿಯಾಗಿ ಪ್ರಶ್ನೆ ಕೇಳಲು ಕಲಿತರು. ಅವನೂ ಮಾತಾಡಲು ಕಲಿತ. ಹಂಗೇರಿಯಿಂದ 17ನೇ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದಾಗ ಪುಲಿಟ್ಜರ್‌ಗೂ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ ಎಂಬುದನ್ನು ಪತ್ರಿಕೋದ್ಯಮ ಓದಿದ ನಾವು ಮರೆಯುವಂತಿಲ್ಲ.

ಎಂಟೇ ವಾರಗಳಲ್ಲಿ ವ್ಯತ್ಯಾಸ ಕಂಡಿತು. ಗುಂಪಿನ ಮಕ್ಕಳು ಒಬ್ಬರನ್ನೊಬ್ಬರು ಹೆಚ್ಚು ಇಷ್ಟಪಟ್ಟರು. ಕರಿಯ ಮತ್ತು ಮೆಕ್ಸಿಕೋ ಮೂಲದ ಮಕ್ಕಳ ಅಂಕ ಏರಿತು, ಬಿಳಿಯ ಮಕ್ಕಳ ಅಂಕ ಇಳಿಯಲಿಲ್ಲ.

ಇದು ಮಂತ್ರದಂಡವೇನಲ್ಲ. 2022ರಲ್ಲಿ ಪ್ರಕಟವಾದ ಫ್ರಾನ್ಸಿನ ಐದು ಪ್ರಯೋಗಗಳಲ್ಲಿ ಈ ವಿಧಾನದಿಂದ ಕಲಿಕೆ ಹೆಚ್ಚಿದ್ದು ಕಾಣಲಿಲ್ಲ. ಆದರೂ ಆಸ್ಟಿನ್ ಬಿಟ್ಟುಹೋದ ಪಾಠ ಹಳೆಯದಾಗಿಲ್ಲ. ಒಂದೇ ಬೆಂಚಿನಲ್ಲಿ ಕೂರಿಸಿದ ಮಾತ್ರಕ್ಕೆ ಮಕ್ಕಳು ಒಂದಾಗುವುದಿಲ್ಲ. ಪಕ್ಕದವನ ಹತ್ತಿರ ತನಗೆ ಬೇಕಾದ್ದು ಏನೋ ಇದೆ ಎಂದು ಮಗುವಿಗೆ ಅನಿಸಬೇಕು.

ಮುಂದಿನ ಸಲ ನಿಮ್ಮೂರ ಶಾಲೆಯಲ್ಲಿ ಜಗಳವಾದರೆ, ಯಾರು ಹೊಡೆದರು ಎಂದು ಕೇಳಿ, ತಪ್ಪಿಲ್ಲ. ಜೊತೆಗೆ ಹಿಂದಿನ ಬೆಂಚಿನಲ್ಲಿ ಯಾರು ಸುಮ್ಮನೆ ಕೂತಿದ್ದಾರೆ ಎಂದೂ ಒಮ್ಮೆ ನೋಡಿ ಬನ್ನಿ.