ಪಿಟೀಲು ಕುಯ್ಯುವುದು

ಯಾರಾದರೂ ಎದುರಿನವರ ತಾಳ್ಮೆ ನೋಡದೆ ಮಾತಾಡುತ್ತಲೇ ಇದ್ದರೆ ನಮ್ಮ ಕಡೆ 'ಸಾಕು, ಪಿಟೀಲು ಕುಯ್ಯಬೇಡ' ಎನ್ನುವುದುಂಟು. ಅದೇ ನಾಡಿನ ಜನ ತಿರುಮಕೂಡಲಿನ ಚೌಡಯ್ಯನವರನ್ನು 'ಪಿಟೀಲು ಚೌಡಯ್ಯ' ಎಂದು ತಲೆಯ ಮೇಲೆ ಹೊತ್ತು ಮೆರೆಸಿದರು. ಒಂದೇ ವಾದ್ಯದ ಹೆಸರು ಒಂದು ಕಡೆ ಬೈಗುಳ, ಇನ್ನೊಂದು ಕಡೆ ಬಿರುದು. ಈ ಎರಡರ ನಡುವೆ ಏನಿದೆ ಎಂದು ನಾನು ಯೋಚಿಸಿದ್ದು ಬಹಳ ತಡವಾಗಿ, ನನ್ನ ಮಗಳ ಪಿಟೀಲು ಪಾಠವನ್ನು ನಾನೇ ನಿಲ್ಲಿಸಿದ ಎಷ್ಟೋ ವರ್ಷಗಳ ಮೇಲೆ.

ನಾವು ಬೊಮ್ಮನಹಳ್ಳಿಗೆ ಬಂದಾಗ ಅದಿನ್ನೂ ಬೆಂಗಳೂರಿನ ಹೊರಗಿನ ಊರು. ನಗರದ ಪಾಲಿಕೆಗೆ ಅದು ಸೇರಿದ್ದು 2007ರಲ್ಲಿ. ಹೊಸೂರು ರಸ್ತೆಯಲ್ಲಿ ಹಗಲೂ ರಾತ್ರಿ ಲಾರಿಗಳು. ಬೆಳಗಾದರೆ ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸ್‌ಗೆ ಓಡುವ ಹೆಣ್ಣುಮಕ್ಕಳು. ನಮ್ಮದು ಗೋಡೆಗೆ ಗೋಡೆ ಅಂಟಿಕೊಂಡ ಆರು ಮನೆಗಳ ವಠಾರ. ಒಬ್ಬರ ಮನೆಯ ಒಗ್ಗರಣೆ ಆರು ಮನೆಗೂ ಕೇಳಿಸುತ್ತಿತ್ತು.

ಒಂದು ಕಾರ್ತಿಕದ ಕಡೇ ಸೋಮವಾರ ಮಗಳನ್ನು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಒಬ್ಬ ಆಟದ ಪಿಟೀಲು ಮಾರುತ್ತಿದ್ದ. ಬಿದಿರುಕಡ್ಡಿಯ ತುದಿಗೆ ಮಣ್ಣಿನ ಕುಡಿಕೆ, ಕುಡಿಕೆಯ ಬಾಯಿಗೆ ಅಂಟಿಸಿದ ಕಾಗದ, ಅದರ ಮೇಲೆ ಎರಡು ತಂತಿ, ಅಷ್ಟೇ. ಅವನು ಅದರಲ್ಲಿ ಹಳೆಯ ಸಿನಿಮಾ ಹಾಡುಗಳನ್ನು ನೀರು ಹರಿದಷ್ಟು ಸಲೀಸಾಗಿ ನುಡಿಸುತ್ತಿದ್ದ. ಮಗಳು ಹಟ ಹಿಡಿದಳು, ಕೊಂಡೆವು. ಮನೆಗೆ ತಂದು ಎಳೆದರೆ 'ಕೀಂಯ್' ಎಂಬ ಒಂದೇ ಸ್ವರ! 'ಅವನ ಕೈಯಲ್ಲಿದ್ದದ್ದು ಅಸಲಿ, ನಿಮಗೆ ಕೊಟ್ಟದ್ದು ನಕಲಿ. ಮೋಸಗಾರ!' ಎಂದರು ಅತ್ತೆ. ವಠಾರವೆಲ್ಲ ಹೌದೆಂದಿತು, ನಾನೂ ಹೌದೆಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಮಗೆ ಯಾರಿಗೂ ನೆನಪಾಗಲಿಲ್ಲ. ಅವನದೂ ನಮ್ಮದೂ ಒಂದೇ ಕುಡಿಕೆ, ಒಂದೇ ತಂತಿ. ಬೇರೆಯಾಗಿದ್ದದ್ದು ಕೈ.

ಪಿಟೀಲಿನ ಬಗ್ಗೆ ಜನ ಹೀಗೆ ಅನುಮಾನ ಪಡುವುದು ಹೊಸದೇನಲ್ಲ. ಇಟಲಿಯ ಪಗನೀನಿ (1782–1840) ಎಂಬಾತ ನುಡಿಸುವುದನ್ನು ಕೇಳಿದ ಯೂರೋಪಿನ ಜನ, ಇವನು ಸೈತಾನನಿಗೆ ತನ್ನನ್ನು ಮಾರಿಕೊಂಡಿದ್ದಾನೆ ಎಂದು ಆಡಿಕೊಂಡರು. ಕೊನೆಗೆ ಆತ ತನ್ನ ತಾಯಿಯ ಪತ್ರವನ್ನು ಅಚ್ಚು ಹಾಕಿಸಿ, ತಾನೂ ಮನುಷ್ಯರಿಗೇ ಹುಟ್ಟಿದವನೆಂದು ತೋರಿಸಿಕೊಳ್ಳಬೇಕಾಯಿತು. ಮಗನ ಕೈಚಳಕಕ್ಕೆ ತಾಯಿ ಸಾಕ್ಷಿ ಹೇಳಬೇಕಾಗಿ ಬಂದದ್ದು ನೋಡಿ!

ನಮ್ಮ ದಕ್ಷಿಣಕ್ಕೆ ಈ ವಾದ್ಯ ಬಂದದ್ದು ಯೂರೋಪಿನವರ ಜೊತೆಗೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ರಾಗಗಳಿಗೆ ಒಗ್ಗಿಸಿದರು. ತಂಜಾವೂರಿನ ವಡಿವೇಲುವಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲನ್ನೇ ಕೊಟ್ಟರು. ನಿಂತು ಕುತ್ತಿಗೆಗೆ ಆನಿಸಿಕೊಂಡು ನುಡಿಸುವ ವಾದ್ಯವನ್ನು ನಮ್ಮವರು ನೆಲದ ಮೇಲೆ ಚಕ್ಕಳಮಕ್ಕಳ ಕುಳಿತು, ಅದರ ತುದಿಯನ್ನು ಪಾದಕ್ಕೆ ಕೊಟ್ಟು ನುಡಿಸಿದರು. ಪರದೇಶಿ ಪಿಟೀಲು ಮನೆಮಗಳಾಯಿತು.

ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದ ಚೌಡಯ್ಯನವರ (1895–1967) ಕಾಲಕ್ಕೆ ಮೈಕಿನ ಅನುಕೂಲವಿರಲಿಲ್ಲ. ಹಿಂದಿನ ಸಾಲಿನವರಿಗೂ ಕೇಳಲಿ ಎಂದು ಅವರು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಸಂಪ್ರದಾಯಸ್ಥರು ಮೂಗು ಮುರಿದರು. ಆದರೆ ತಂತಿ ಹೆಚ್ಚಿದರೆ ಕೆಲಸ ಸುಲಭವಾಗುತ್ತದೆಯೇ? ಜೋಡಿ ತಂತಿಯನ್ನು ಒಂದೇ ಬೆರಳು ಒತ್ತಬೇಕು, ತಪ್ಪಿದರೆ ಎರಡೂ ಸೇರಿ ಸಭೆಗೆ ಸಾರಿ ಹೇಳುತ್ತವೆ. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಕೊಟ್ಟಿತು. 1980ರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಅವರ ಹೆಸರಿನ ಭವನ ಎದ್ದಿತು.

ಪರಿಷೆಯ ಕುಡಿಕೆ ಒಡೆದ ಮೇಲೆ ಮಗಳು ನಿಜವಾದ ಪಿಟೀಲು ಬೇಕೆಂದಳು. ವಾರಕ್ಕೆ ಎರಡು ದಿನ ಬಸ್ಸು ಹತ್ತಿ ಜಯನಗರದಲ್ಲಿ ಪಾಠ. ವೀಣೆಗೆ 24 ಮೆಟ್ಟಿಲುಗಳಿವೆ, ಬೆರಳಿಗೆ ದಾರಿ ತೋರಿಸುತ್ತವೆ. ಪಿಟೀಲಿಗೆ ಒಂದೂ ಇಲ್ಲ. ಕೂದಲೆಳೆಯಷ್ಟು ಜಾರಿದರೂ ಸ್ವರ ಕೆಡುತ್ತದೆ. ಕಮಾನು ಭಾರವಾದರೆ ಕಿರುಚುತ್ತದೆ, ಹಗುರವಾದರೆ ಸಿಳ್ಳೆ ಹೊಡೆಯುತ್ತದೆ. ಆದ್ದರಿಂದ ಮೊದಲ ವರ್ಷವೆಲ್ಲ ವಠಾರಕ್ಕೆ ಬೆಕ್ಕಿನ ಜಗಳ. 'ಮೈಸೂರಿನ ನಾಗರಾಜ್, ಮಂಜುನಾಥ್ ಎಳೆವಯಸ್ಸಿಗೇ ಕಚೇರಿ ಮಾಡಿದರಂತಲ್ಲ, ನಿಮ್ಮವಳು ಇನ್ನೂ ಸರಳೆಯಲ್ಲೇ ಇದ್ದಾಳಲ್ಲ' ಎಂದರು ಪಕ್ಕದ ಮನೆಯವರು. ಆ ಸಹೋದರರಿಗೆ ಅಪ್ಪ ಮಹದೇವಪ್ಪನವರೇ ಗುರುಗಳು, ಮನೆಯೇ ಪಾಠಶಾಲೆ. ನಾವು ನೋಡುವುದು ವೇದಿಕೆಯ ಮೇಲಿನ ಒಂದು ಗಂಟೆ. ಅದರ ಹಿಂದಿನ ಸಾವಿರ ಗಂಟೆಗಳಿಗೆ ದೈವದತ್ತ ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ಆಗ ನನಗೆ ಇದೆಲ್ಲ ಹೊಳೆಯಲಿಲ್ಲ. ಮಗಳಿಗೆ ಹತ್ತು ತುಂಬಿದಾಗ 'ನಿನಗೆ ಕೈ ಇಲ್ಲ ಬಿಡಮ್ಮ, ಲೆಕ್ಕ ಓದಿಕೋ' ಎಂದುಬಿಟ್ಟೆ. ಅವಳು ಅಳಲೂ ಇಲ್ಲ. ಪೆಟ್ಟಿಗೆಯನ್ನು ತಾನೇ ಅಟ್ಟಕ್ಕೆ ಹಾಕಿದಳು.

ಈಚೆಗೆ ಅವಳೇ ನನಗೊಂದು ಸಂಗತಿ ಹೇಳಿದಳು. 2007ರ ಜನವರಿ 12ರಂದು ಅಮೆರಿಕದ ವಾಷಿಂಗ್ಟನ್ನಿನ ಮೆಟ್ರೋ ನಿಲ್ದಾಣವೊಂದರಲ್ಲಿ ಜೋಶುವಾ ಬೆಲ್ ಎಂಬ ಜಗತ್ಪ್ರಸಿದ್ಧ ವಾದಕ ಟೋಪಿ ಹಾಕಿಕೊಂಡು, 1713ರ ಸ್ಟ್ರಾಡಿವೇರಿಯಸ್ ಪಿಟೀಲನ್ನು 43 ನಿಮಿಷ ನುಡಿಸಿದನಂತೆ. ಒಂದು ಪತ್ರಿಕೆ ಮಾಡಿಸಿದ ಪರೀಕ್ಷೆ ಅದು. 1,097 ಜನ ದಾಟಿಹೋದರು. ನಿಂತು ಕೇಳಿದವರು ಏಳೇ ಜನ. ಬಿದ್ದ ಹಣ 32 ಡಾಲರ್ ಚಿಲ್ಲರೆ. ನಿಲ್ಲಲು ತವಕಿಸಿದವರು ಮಕ್ಕಳು. ಒಬ್ಬೊಬ್ಬ ಮಗುವನ್ನೂ ಹೆತ್ತವರು ಕೈ ಹಿಡಿದು ಎಳೆದುಕೊಂಡು ಹೋದರು. ಅದೇ ದೇಶದಲ್ಲಿ 2021, 22ರ ಸುಮಾರಿಗೆ, ಅಂಗಡಿಗಳ ಮುಂದೆ ಸ್ಪೀಕರಿನಲ್ಲಿ ಹಾಡು ಹಾಕಿ ಪಿಟೀಲು ನುಡಿಸುವಂತೆ ನಟಿಸುವವರಿಗೆ ಜನ ಮರುಗಿ ದುಡ್ಡು ಕೊಟ್ಟರು. ಪೊಲೀಸರೇ ಎಚ್ಚರಿಕೆ ಹೇಳಬೇಕಾಯಿತು. ಕಮಾನು ನಿಂತರೂ ಹಾಡು ನಿಲ್ಲುತ್ತಿರಲಿಲ್ಲ, ಅಷ್ಟನ್ನೂ ಯಾರೂ ಗಮನಿಸಲಿಲ್ಲ. ಅಸಲಿಯ ಮುಂದೆ ನಿಲ್ಲಲಿಲ್ಲ, ನಕಲಿಗೆ ಕಾಸು ಹಾಕಿದರು. ನಗು ಬಂತು. ಆಮೇಲೆ, ಮಗುವಿನ ಕೈ ಹಿಡಿದು ಎಳೆದ ತಾಯಂದಿರಲ್ಲಿ ನಾನೂ ಒಬ್ಬಳು ಎನಿಸಿ ನಗು ನಿಂತಿತು.

ಪವಾಡವೋ ಮೋಸವೋ, ನಮಗೆ ಎರಡರಲ್ಲಿ ಒಂದು ಬೇಕು. ನಡುವಿನ ಕೀಂಯ್ ಕೀಂಯ್ ಬೇಡ. ಆದರೆ ಕಲಿಯುವುದೆಂದರೆ ಆ ನಡುವೆಯೇ. ನಮ್ಮ ಮೊದಲ ದೋಸೆ ಕಾವಲಿಗೆ ಅಂಟಿದಾಗ ಯಾರೂ 'ನಿನಗೆ ಕೈ ಇಲ್ಲ' ಎಂದು ಸೌಟು ಕಸಿದುಕೊಳ್ಳಲಿಲ್ಲವಲ್ಲ!

ಮಗಳು ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ವರ್ಷ ಪೆಟ್ಟಿಗೆ ಇಳಿಸಿ, ತಂತಿ ಹಾಕಿಸಿ, ಏಳೆಂಟು ವರ್ಷದ ಮಕ್ಕಳ ಜೊತೆ ಕುಳಿತು ಮತ್ತೆ ಸರಳೆಯಿಂದ ಶುರು ಮಾಡಿದ್ದಾಳೆ. ಮೊನ್ನೆ ಮೇಲಿನ ಮನೆಯವರು ಮೆಟ್ಟಿಲ ಬಳಿ ಸಿಕ್ಕಿ, 'ಸಂಜೆ ಹೊತ್ತು ಏನೋ ಸದ್ದು ಬರುತ್ತಲ್ಲ' ಎಂದರು. 'ನನ್ನ ಮಗಳು ಪಿಟೀಲು ಕಲಿಯುತ್ತಿದ್ದಾಳೆ, ಇನ್ನೂ ಸ್ವಲ್ಪ ವರ್ಷ ಹೀಗೇ ಇರುತ್ತೆ' ಎಂದೆ. ಮೂವತ್ತು ವರ್ಷದ ಹಿಂದೆಯೇ ವಠಾರಕ್ಕೆ ಹೇಳಬೇಕಾಗಿದ್ದ ಮಾತು ಅದು.