ಕೊರೊಸಿಂಕ್‌ನ ಆರಂಭಿಕ ನಿಯತಾಂಕಗಳು

ಕೊರೊಸಿಂಕ್ ಎಂಬುದು ಹಲವು ಸರ್ವರ್‌ಗಳು ಒಂದೇ ಸಮೂಹವಾಗಿ ಕೆಲಸ ಮಾಡುವಾಗ ಅವುಗಳ ನಡುವಿನ ಸಂದೇಶ ವಿನಿಮಯವನ್ನು ನಿರ್ವಹಿಸುವ ಮುಕ್ತ ತಂತ್ರಾಂಶ. ಇಂತಹ ಸಮೂಹವನ್ನು ಕ್ಲಸ್ಟರ್ ಎಂದೂ ಅದರ ಪ್ರತಿಯೊಂದು ಸರ್ವರನ್ನು ನೋಡ್ ಎಂದೂ ಕರೆಯುತ್ತಾರೆ. ಯಾವ ನೋಡ್ ಜೀವಂತವಾಗಿದೆ, ಯಾವುದು ಕೆಟ್ಟಿದೆ ಎಂಬುದನ್ನು ಎಲ್ಲ ನೋಡ್‌ಗಳೂ ಒಮ್ಮತದಿಂದ ತೀರ್ಮಾನಿಸುವಂತೆ ಮಾಡುವುದು ಈ ತಂತ್ರಾಂಶದ ಮುಖ್ಯ ಕಾರ್ಯ. ಆ ತೀರ್ಮಾನಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ತಂತ್ರಾಂಶ ಆರಂಭವಾಗುವಾಗ ಓದಿಕೊಳ್ಳುವ ನಿಯತಾಂಕಗಳು ನಿರ್ಧರಿಸುತ್ತವೆ.

ಹಿನ್ನೆಲೆ

ಕೊರೊಸಿಂಕ್ 2008ರಲ್ಲಿ ಓಪನ್‌ಎಐಎಸ್ ಎಂಬ ಯೋಜನೆಯಿಂದ ಬೇರ್ಪಟ್ಟು ರೂಪುಗೊಂಡಿತು. ಇದರ ತಳಹದಿ ಟೋಟೆಮ್ ಎಂಬ ಸಂವಹನ ನಿಯಮಾವಳಿ. ಅಮೆರಿಕದ ಸಾಂತಾ ಬಾರ್ಬರಾದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದಲ್ಲಿ ಇದನ್ನು ರೂಪಿಸಿದರು. ಪೇಸ್‌ಮೇಕರ್ ಎಂಬ ಸಂಪನ್ಮೂಲ ನಿರ್ವಾಹಕ ತಂತ್ರಾಂಶವೂ ಪ್ರಾಕ್ಸ್‌ಮಾಕ್ಸ್ ಎಂಬ ವರ್ಚುವಲ್ ಯಂತ್ರ ವ್ಯವಸ್ಥೆಯೂ ಕೊರೊಸಿಂಕ್ ಅನ್ನು ಬಳಸುತ್ತವೆ.

ಕಾರ್ಯವಿಧಾನ

ನೋಡ್‌ಗಳು ಒಂದು ವರ್ತುಲದಲ್ಲಿ ಕುಳಿತಿವೆ ಎಂದು ಭಾವಿಸಬಹುದು. ಟೋಕನ್ ಎಂಬ ಚಿಕ್ಕ ಸಂದೇಶವೊಂದು ಒಂದರಿಂದ ಮತ್ತೊಂದಕ್ಕೆ ಸಾಗುತ್ತಿರುತ್ತದೆ. ಟೋಕನ್ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಮಾತನಾಡುವ ಹಕ್ಕು. ಆದ್ದರಿಂದ ಎಲ್ಲ ನೋಡ್‌ಗಳಿಗೂ ಸಂದೇಶಗಳು ಒಂದೇ ಕ್ರಮದಲ್ಲಿ ತಲುಪುತ್ತವೆ. ನಿಗದಿತ ಅವಧಿಯೊಳಗೆ ಟೋಕನ್ ಮರಳಿ ಬಾರದಿದ್ದರೆ ಅದು ಕಳೆದುಹೋಯಿತೆಂದು ಪರಿಗಣಿಸಿ, ಉತ್ತರಿಸಿದ ನೋಡ್‌ಗಳನ್ನಷ್ಟೇ ಸೇರಿಸಿ ಹೊಸ ವರ್ತುಲವನ್ನು ಕಟ್ಟಲಾಗುತ್ತದೆ. ಉತ್ತರಿಸದ ನೋಡ್ ಸದಸ್ಯತ್ವವನ್ನು ಕಳೆದುಕೊಳ್ಳುತ್ತದೆ.

ಮುಖ್ಯ ನಿಯತಾಂಕಗಳು

ನಿಯತಾಂಕಗಳನ್ನು ಕೊರೊಸಿಂಕ್.ಕಾನ್ಫ್ ಎಂಬ ಸಂರಚನಾ ಕಡತದ ಟೋಟೆಮ್ ವಿಭಾಗದಲ್ಲಿ ಬರೆಯಲಾಗುತ್ತದೆ. ಕಾಲಾವಧಿಗಳನ್ನು ಮಿಲಿಸೆಕೆಂಡುಗಳಲ್ಲಿ ನೀಡಬೇಕು.

ಟೋಕನ್: ಟೋಕನ್‌ಗಾಗಿ ಕಾಯುವ ಗರಿಷ್ಠ ಅವಧಿ. ಹಳೆಯ ಆವೃತ್ತಿಗಳಲ್ಲಿ ಇದರ ಪೂರ್ವನಿಯೋಜಿತ ಮೌಲ್ಯ 1000. ಈಚಿನ ಆವೃತ್ತಿಗಳಲ್ಲಿ 3000.

ಟೋಕನ್ ಗುಣಾಂಕ: ಕಡತದಲ್ಲಿ ನೋಡ್‌ಗಳ ಪಟ್ಟಿಯಿದ್ದು ಅವುಗಳ ಸಂಖ್ಯೆ ಮೂರು ಅಥವಾ ಹೆಚ್ಚಾಗಿದ್ದರೆ, ಎರಡರ ನಂತರದ ಪ್ರತಿ ನೋಡ್‌ಗೂ 650 ಮಿಲಿಸೆಕೆಂಡುಗಳು ಕೂಡುತ್ತವೆ.

ಒಮ್ಮತದ ಅವಧಿ: ಹೊಸ ಸದಸ್ಯತ್ವದ ಬಗ್ಗೆ ನೋಡ್‌ಗಳು ಒಪ್ಪಂದಕ್ಕೆ ಬರಲು ಇರುವ ಕಾಲ. ಇದನ್ನು ನಮೂದಿಸದಿದ್ದರೆ ಟೋಕನ್ ಅವಧಿಯ 1.2ರಷ್ಟೆಂದು ಲೆಕ್ಕಹಾಕಲಾಗುತ್ತದೆ.

ಮರುಪ್ರಯತ್ನಗಳ ಸಂಖ್ಯೆ: ಟೋಕನ್ ಕಳೆದುಹೋಯಿತೆಂದು ಘೋಷಿಸುವ ಮುನ್ನ ಅದನ್ನು ಎಷ್ಟು ಬಾರಿ ಮತ್ತೆ ಕಳುಹಿಸಬೇಕು ಎಂಬುದು. ಪೂರ್ವನಿಯೋಜಿತ ಮೌಲ್ಯ 4.

ಐದು ನೋಡ್‌ಗಳ ಕ್ಲಸ್ಟರನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ವಾಸ್ತವ ಟೋಕನ್ ಅವಧಿ 3000ಕ್ಕೆ 650ರ ಮೂರು ಪಟ್ಟನ್ನು ಕೂಡಿಸಿದಾಗ ಬರುವ 4950 ಮಿಲಿಸೆಕೆಂಡುಗಳು. ಒಮ್ಮತದ ಅವಧಿ 5940 ಮಿಲಿಸೆಕೆಂಡುಗಳು. ಹೀಗಾಗಿ ಒಂದು ನೋಡ್ ಹಠಾತ್ತನೆ ನಿಂತರೆ ಉಳಿದವು ಅದನ್ನು ಕೈಬಿಟ್ಟು ಮುಂದುವರಿಯಲು ಸುಮಾರು 11 ಸೆಕೆಂಡುಗಳು ಬೇಕಾಗಬಹುದು. ಕಡತದಲ್ಲಿ 3000 ಎಂದಷ್ಟೇ ಕಂಡು ಮೂರು ಸೆಕೆಂಡುಗಳಲ್ಲಿ ಸೇವೆ ಮರಳುತ್ತದೆಂದು ನಿರೀಕ್ಷಿಸುವುದು ತಪ್ಪು.

ಮೌಲ್ಯಗಳ ಆಯ್ಕೆ

ಅವಧಿ ತೀರಾ ಚಿಕ್ಕದಾದರೆ ಆರೋಗ್ಯವಾಗಿರುವ ನೋಡನ್ನೇ ಸತ್ತಿದೆಯೆಂದು ಘೋಷಿಸುವ ಅಪಾಯವಿದೆ. ಜಾಲದಲ್ಲಿ ಕ್ಷಣಕಾಲದ ದಟ್ಟಣೆ, ವರ್ಚುವಲ್ ಯಂತ್ರವನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗಿನ ಸ್ತಬ್ಧತೆ, ಸಂಸ್ಕಾರಕದ ಮೇಲಿನ ಅತಿಯಾದ ಹೊರೆ ಇವುಗಳಲ್ಲಿ ಯಾವುದಾದರೂ ಇದಕ್ಕೆ ಸಾಕು. ಫೆನ್ಸಿಂಗ್ ಎಂಬ ವ್ಯವಸ್ಥೆಯಿದ್ದಲ್ಲಿ ಅಂತಹ ನೋಡ್‌ನ ವಿದ್ಯುತ್ತನ್ನೇ ಕಡಿತಗೊಳಿಸಬಹುದು ಅಥವಾ ಅದನ್ನು ಮರುಪ್ರಾರಂಭಿಸಬಹುದು. ಸುಸ್ಥಿತಿಯಲ್ಲಿದ್ದ ಸೇವೆ ಇದರಿಂದ ಅಕಾರಣವಾಗಿ ನಿಲ್ಲುತ್ತದೆ.

ಅವಧಿ ತೀರಾ ದೀರ್ಘವಾದರೆ ನಿಜವಾಗಿಯೂ ಕೆಟ್ಟ ನೋಡ್‌ಗಾಗಿ ಇಡೀ ಕ್ಲಸ್ಟರ್ ಕಾಯುತ್ತದೆ. ಬಳಕೆದಾರರಿಗೆ ಅಷ್ಟು ಹೊತ್ತು ಸೇವೆ ದೊರೆಯುವುದಿಲ್ಲ. ಅತಿ ಶೀಘ್ರವೂ ಅತಿ ನಿಧಾನವೂ ಹಾನಿಕರವಾದ್ದರಿಂದ, ಜಾಲದಲ್ಲಿ ಸಾಮಾನ್ಯವಾಗಿ ಕಂಡುಬರುವ ಅತಿ ದೀರ್ಘ ವಿಳಂಬವನ್ನು ಅಳೆದು, ಅದಕ್ಕಿಂತ ಸಾಕಷ್ಟು ಹೆಚ್ಚಿನ ಮೌಲ್ಯವನ್ನು ಇಡುವುದು ಸೂಕ್ತ.

ಕಾಲಾವಧಿ ಎಷ್ಟೇ ಸರಿಯಾಗಿದ್ದರೂ ಜಾಲ ಕಡಿದು ಕ್ಲಸ್ಟರ್ ಎರಡು ಹೋಳಾಗುವುದನ್ನು ಅದು ತಡೆಯಲಾರದು. ಎರಡೂ ಹೋಳುಗಳು ಒಂದೇ ದತ್ತಾಂಶದ ಮೇಲೆ ಬರೆದರೆ ಅದು ಸರಿಪಡಿಸಲಾಗದಷ್ಟು ಕೆಡಬಹುದು. ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಮತಗಳಿರುವ ಹೋಳಿಗೆ ಮಾತ್ರ ಮುಂದುವರಿಯಲು ಅವಕಾಶವಿರುವ ಕೋರಂ ನಿಯಮವನ್ನೂ ಫೆನ್ಸಿಂಗನ್ನೂ ಜೊತೆಗೆ ಬಳಸಲಾಗುತ್ತದೆ. ಐದು ನೋಡ್‌ಗಳಿದ್ದು ಪ್ರತಿಯೊಂದಕ್ಕೂ ಒಂದು ಮತವಿದ್ದರೆ, ಕನಿಷ್ಠ ಮೂರು ನೋಡ್‌ಗಳು ಒಟ್ಟಿಗಿರಬೇಕು.

ಬದಲಾವಣೆಯ ಕ್ರಮ

ಟೋಕನ್ ಅವಧಿಯಂತಹ ಕೆಲವು ಮೌಲ್ಯಗಳನ್ನು ತಂತ್ರಾಂಶ ಚಾಲನೆಯಲ್ಲಿರುವಾಗಲೇ ಕಡತವನ್ನು ಮತ್ತೆ ಓದಿಸಿ ಬದಲಿಸಬಹುದು. ಸಾರಿಗೆ ವಿಧಾನ, ಐಪಿ ಆವೃತ್ತಿ ಮುಂತಾದವು ಆರಂಭದಲ್ಲಷ್ಟೇ ಓದಲ್ಪಡುವುದರಿಂದ ಅವುಗಳಿಗೆ ಮರುಪ್ರಾರಂಭ ಅನಿವಾರ್ಯ. ಯಾವುದೇ ಬದಲಾವಣೆಯ ಮುನ್ನ ಹಳೆಯ ಕಡತದ ಪ್ರತಿಯನ್ನು ಉಳಿಸಿಕೊಳ್ಳಬೇಕು ಮತ್ತು ಹೊಸ ಕಡತ ಎಲ್ಲ ನೋಡ್‌ಗಳಲ್ಲಿಯೂ ಒಂದೇ ರೀತಿಯಲ್ಲಿದೆಯೇ ಎಂದು ಪರಿಶೀಲಿಸಬೇಕು. ಕಡತದಲ್ಲಿ ಬರೆದದ್ದಕ್ಕೂ ವಾಸ್ತವವಾಗಿ ಜಾರಿಯಲ್ಲಿರುವುದಕ್ಕೂ ವ್ಯತ್ಯಾಸವಿರಬಹುದು. ಜಾರಿಯಲ್ಲಿರುವ ಮೌಲ್ಯಗಳನ್ನು ಕೊರೊಸಿಂಕ್-ಸಿಮ್ಯಾಪ್‌ಸಿಟಿಎಲ್ ಎಂಬ ಆದೇಶದ ಮೂಲಕ ನೋಡಬಹುದು.