ಕೋಪ, ಆತಂಕಕ್ಕೆ ಮಾತ್ರೆ: ವಿಶ್ವಾಸದ ಕೊರತೆಯಲ್ಲ

ಬಿ.ಪಿ. ಮಾತ್ರೆ ನುಂಗಲು ನಾವು ಯಾರೂ ನಾಚುವುದಿಲ್ಲ. ಆತಂಕಕ್ಕೆ ಅಥವಾ ಹತೋಟಿ ಮೀರಿದ ಕೋಪಕ್ಕೆ ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಅಡಗಿಸಿಡುತ್ತೇವೆ. ಧ್ಯಾನಕೂಟದಿಂದ ಹಗುರ ಮನಸ್ಸಿನಿಂದ ಮರಳಿ, 'ಇನ್ನು ಬೇಡ' ಎಂದು ಒಮ್ಮೆಲೇ ನಿಲ್ಲಿಸುವವರೂ ನಮ್ಮಲ್ಲಿದ್ದಾರೆ. ಇದು ಅಪಾಯಕಾರಿ.

ಕೋಪವೇ ಒಂದು ಕಾಯಿಲೆಯಲ್ಲ. ಕೋಪಕ್ಕೆಂದೇ ಪ್ರತ್ಯೇಕ ಮಾತ್ರೆಯೂ ಇಲ್ಲ. ಅದರ ಹಿಂದೆ ಖಿನ್ನತೆ, ಆತಂಕ, ಕುಡಿತ ಅಥವಾ ಥೈರಾಯ್ಡ್ ತೊಂದರೆ ಇರಬಹುದು. ವೈದ್ಯರು ಮೊದಲು ಅದನ್ನು ಪತ್ತೆಹಚ್ಚಿ ಚಿಕಿತ್ಸೆ ನೀಡುತ್ತಾರೆ.

ಯಾವ ಔಷಧಿ, ಏನು ಕೆಲಸ?

ಎಸಿಟಾಲೊಪ್ರಾಮ್, ಸರ್ಟ್ರಾಲಿನ್: ಇವು ನಿತ್ಯ ಸೇವಿಸುವ ಮಾತ್ರೆಗಳು. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ಆರಂಭದಲ್ಲಿ ವಾಕರಿಕೆ, ತಲೆನೋವು ಬರಬಹುದು. ಚಡಪಡಿಕೆ ಹೆಚ್ಚಿದರೆ ಅಥವಾ ಸಾಯುವ ಯೋಚನೆ ಬಂದರೆ, ವಿಶೇಷವಾಗಿ ಯುವಜನರಲ್ಲಿ, ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಆಲ್ಪ್ರಜೋಲಾಮ್, ಕ್ಲೊನಾಜೆಪಾಮ್: ಇವು ಬೇಗನೆ ಶಮನ ನೀಡುತ್ತವೆ, ಆದರೆ ಹೆಚ್ಚು ಕಾಲ ತೆಗೆದುಕೊಂಡರೆ ಚಟವಾಗುತ್ತದೆ. ಅನಂತರ ಹಠಾತ್ತಾಗಿ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಮದ್ಯದೊಡನೆ ಸೇರಿದರೆ ಉಸಿರಾಟಕ್ಕೇ ಕುತ್ತು. ರೋಸ್, ಮದುವೆ ಎಂದು ಇದಕ್ಕೆ ವಿನಾಯಿತಿ ಇಲ್ಲ. ನೆರೆಮನೆಯವರ ಮಾತ್ರೆಯನ್ನು ಕೇಳಿ ನುಂಗುವುದೂ ಸಲ್ಲದು.

ಯಾವ ಮಾತ್ರೆಯನ್ನಾದರೂ ವೈದ್ಯರ ಸಲಹೆಯಂತೆ ಹಂತಹಂತವಾಗಿ ಕಡಿಮೆ ಮಾಡಿ ನಿಲ್ಲಿಸಬೇಕು.

ಪ್ರಾರ್ಥನೆ ಮತ್ತು ಚಿಕಿತ್ಸೆ

ವೈದ್ಯರನ್ನು ಗೌರವಿಸಬೇಕು, ಔಷಧಿಯೂ ದೇವರ ಸೃಷ್ಟಿಯೇ ಎಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ನಮಗೆ ಕಲಿಸುತ್ತದೆ. ಅರ್ಜೆಂಟೀನಾದ ಸರ್ವಾಧಿಕಾರದ ದಿನಗಳಲ್ಲಿ ತಾವು ಮನೋವೈದ್ಯೆಯನ್ನು ಕಂಡಿದ್ದೆವು, ಆತಂಕವನ್ನು ನಿಭಾಯಿಸಲು ಅದು ನೆರವಾಯಿತು ಎಂದು ವಿಶ್ವಗುರು ಫ್ರಾನ್ಸಿಸ್‌ರವರು 2021ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಹೇಳಿದ್ದರು. ಮಾತ್ರೆ ಮನಸ್ಸನ್ನು ತಿಳಿಯಾಗಿಸಬಹುದು. ಮುರಿದ ಸಂಬಂಧವನ್ನು ಜೋಡಿಸಲು ಆಪ್ತಸಮಾಲೋಚನೆ, ಕ್ಷಮೆ, ಪ್ರಾರ್ಥನೆಗಳೂ ಬೇಕು.

ವಾಳೆಯ ಗುರಿಕಾರರು, ಧರ್ಮಭಗಿನಿಯರು, ಪ್ರಾರ್ಥನಾ ಕೂಟದ ಮುಖಂಡರಲ್ಲಿ ನಮ್ಮ ವಿನಂತಿ: ಯಾರಿಗೂ 'ಮಾತ್ರೆ ಬಿಡಿ' ಎನ್ನಬೇಡಿ. ಹಂಚಿಕೊಂಡ ಗುಟ್ಟನ್ನು ಕಾಪಾಡಿ. ಕೋಪವು ಮನೆಯವರ ಮೇಲೆ ಕೈಯೆತ್ತುವವರೆಗೆ ಹೋಗಿದ್ದರೆ, ಮೊದಲು ಅವರ ಸುರಕ್ಷತೆಯನ್ನು ನೋಡಿ.

ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.